ಮುಟ್ಟಿದರೆ ಓಗೊಡದ ಕ್ಯಾಮೆರಾ: ಟಚ್ ಸ್ಕ್ರೀನ್, ಮೆನು ತೊಂದರೆ ಹುಡುಕುವ ಬಗೆ

ಚಿಕ್ಕಮಗಳೂರಿನಲ್ಲಿ ಆರಿದ್ರಾ ಮಳೆ ಹಿಡಿದ ಮೇಲೆ ಸಣ್ಣ ಡಿಜಿಟಲ್ ಕ್ಯಾಮೆರಾ ರಿಪೇರಿಗೆ ತರುವವರ ಬಾಯಲ್ಲಿ ಒಂದೇ ಮಾತು: "ಟಚ್ ಹೋಗಿದೆ ನೋಡಿ." ಹೋಗಿದೆ ಅಂದರೆ ಏನಾಗುತ್ತಿದೆ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರ ಉತ್ತರ ಒಂದೊಂದು ಥರ. ಒಬ್ಬರದು ಎಲ್ಲಿ ಮುಟ್ಟಿದರೂ ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಇನ್ನೊಬ್ಬರದು ಬಲಗಡೆ ಒಂದು ಪಟ್ಟಿಯಷ್ಟು ಜಾಗ ಮಾತ್ರ ಸತ್ತಿದೆ. ಮತ್ತೊಬ್ಬರದು ಮುಟ್ಟಿದ್ದು ಒಂದು ಕಡೆ, ಒತ್ತಿಕೊಂಡಿದ್ದು ಇನ್ನೊಂದು ಕಡೆ. ಕೆಲವರದು ಯಾರೂ ಮುಟ್ಟದೆಯೇ ಮೆನು ತಾನಾಗಿ ಓಡುತ್ತದೆ.

ಈ ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಸ್ಕ್ರೀನ್ ಬದಲಿಸಬೇಕು ಅಂತ ತೀರ್ಮಾನ ಮಾಡುವ ಮುಂಚೆ ತೊಂದರೆ ಯಾವುದರ ಹಿಂದೆ ಹೋಗುತ್ತದೆ ಅಂತ ನೋಡಬೇಕು. ಬೇರೆಯವರ ಬೆರಳು ಇಟ್ಟರೆ ಸರಿಯಾಗುತ್ತದಾ? ಜಾಗ ಬದಲಿಸಿದರೆ? ಮೋಡ್ ಬದಲಿಸಿದರೆ? ಒಣಗಿಸಿದರೆ? ಇದಕ್ಕೆಲ್ಲ ಉತ್ತರ ಮನೆಯಲ್ಲೇ ಸಿಗುತ್ತದೆ, ಸ್ಕ್ರೂಡ್ರೈವರ್ ಬೇಡ. ನನ್ನ ಕೈಗೆ ಬರುವ ಕ್ಯಾಮೆರಾಗಳಲ್ಲಿ ನಿಜವಾಗಿ ಪ್ಯಾನೆಲ್ ಕೆಟ್ಟಿರುವುದು ಕಡಿಮೆ. ನೀರು, ಸೆಟ್ಟಿಂಗು, ಮೇಲೆ ಅಂಟಿಸಿದ ಗಾಜು, ಈ ಮೂರರದ್ದೇ ಕಾಟ ಜಾಸ್ತಿ.

ನಿಮ್ಮ ಸ್ಕ್ರೀನ್ ಯಾವ ಜಾತಿಯದು?

ಕ್ಯಾಮೆರಾಗಳಲ್ಲಿ ಬರುವ ಟಚ್ ಸ್ಕ್ರೀನ್ ಎರಡು ಬಗೆ. ಒತ್ತಿದರೆ ಕೆಲಸ ಮಾಡುವುದು ರೆಸಿಸ್ಟಿವ್. ಮುಟ್ಟಿದರೆ ಸಾಕು ಅನ್ನುವುದು ಕೆಪಾಸಿಟಿವ್. ಇದು ಗೊತ್ತಿಲ್ಲದೆ ಮುಂದೆ ಹೋದರೆ ಮಾಡುವ ಪರೀಕ್ಷೆಗಳೆಲ್ಲ ದಾರಿ ತಪ್ಪುತ್ತವೆ.

ರೆಸಿಸ್ಟಿವ್‌ನಲ್ಲಿ ಮೇಲೆ ಬಾಗುವ ತೆಳು ಪ್ಲಾಸ್ಟಿಕ್ ಪದರ ಇರುತ್ತದೆ, ಕೆಳಗೆ ಗಾಜು. ಎರಡರ ಒಳಮೈಗೂ ಕರೆಂಟು ಹರಿಯುವ ಪಾರದರ್ಶಕ ಲೇಪ ಇರುತ್ತದೆ. ನಡುವೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳು ಎರಡನ್ನೂ ದೂರ ಇಟ್ಟಿರುತ್ತವೆ. ಒತ್ತಿದಾಗ ಎರಡೂ ತಾಗುತ್ತವೆ. ಆ ಜಾಗದ ವೋಲ್ಟೇಜ್ ಅಳೆದು ಎಲ್ಲಿ ಒತ್ತಿದ್ದು ಅಂತ ಕ್ಯಾಮೆರಾ ಲೆಕ್ಕ ಹಾಕುತ್ತದೆ. ಇದಕ್ಕೆ ಬೆರಳೇ ಆಗಬೇಕೆಂದಿಲ್ಲ. ಉಗುರು, ಕಡ್ಡಿ, ಕೈಗವಸು ಹಾಕಿದ ಕೈ, ಏನಾದರೂ ನಡೆಯುತ್ತದೆ. 2005ರಲ್ಲಿ ಬಂದ ಸೋನಿ ಎನ್1, ಆಮೇಲಿನ ಟಿ ಸರಣಿಯ ಸೈಬರ್‌ಶಾಟ್‌ಗಳು, 2008ರ ಪ್ಯಾನಾಸೋನಿಕ್ ಎಫ್‌ಎಕ್ಸ್500 ಈ ಕಾಲದವು. ಅವುಗಳ ಜೊತೆ ಒಂದು ಸಣ್ಣ ಕಡ್ಡಿಯನ್ನೂ ಕೊಡುತ್ತಿದ್ದರು.

ಕೆಪಾಸಿಟಿವ್ ಈಗಿನ ಫೋನಿನ ಜಾತಿ. ಗಾಜಿನ ಕೆಳಗೆ ಅಡ್ಡ ಗೆರೆ, ಉದ್ದ ಗೆರೆಗಳು ಮಗ್ಗದ ಹಾಸುಹೊಕ್ಕಿನ ಹಾಗೆ ಹಬ್ಬಿರುತ್ತವೆ. ಬೆರಳು ಹತ್ತಿರ ಬಂದಾಗ ಆ ಜಾಗದ ವಿದ್ಯುತ್ ಚಾರ್ಜು ಸ್ವಲ್ಪ ಬದಲಾಗುತ್ತದೆ, ಅದನ್ನು ಕ್ಯಾಮೆರಾ ಹಿಡಿಯುತ್ತದೆ. ಕ್ಯಾನನ್ ಜಿ7 ಎಕ್ಸ್ ಸರಣಿ, 2018ರಲ್ಲಿ ಬಂದ ಸೋನಿ ಆರ್‌ಎಕ್ಸ್100ರ ಆರನೇ ಮಾದರಿ, ಆಮೇಲಿನವು ಎಲ್ಲ ಇದೇ.

ಗೊತ್ತಾಗದಿದ್ದರೆ ಪೆನ್ನಿನ ಪ್ಲಾಸ್ಟಿಕ್ ಕ್ಯಾಪಿನ ಬೆನ್ನಿನಿಂದ ಒಂದು ಐಕಾನ್ ಮೇಲೆ ಮೆಲ್ಲಗೆ ಒತ್ತಿ ನೋಡಿ. ಕೆಲಸ ಮಾಡಿದರೆ ರೆಸಿಸ್ಟಿವ್. ಮಾಡದೆ, ಬೆರಳಿಗೆ ಮಾತ್ರ ಓಗೊಟ್ಟರೆ ಕೆಪಾಸಿಟಿವ್.

ಈಗ ಕಾಲೇಜು ಹುಡುಗ ಹುಡುಗಿಯರಿಗೆ ಹಳೇ ಡಿಜಿಕ್ಯಾಮ್ ಹುಚ್ಚು ಹಿಡಿದಿದೆ. ಮಾವನ ಬೀರುವಿನಿಂದ ತೆಗೆದು, ಬ್ಯಾಟರಿ ಹುಡುಕಿ ಹಾಕಿ, ಫೋನಿನ ಥರ ಮೃದುವಾಗಿ ಸವರುತ್ತಾರೆ. ರೆಸಿಸ್ಟಿವ್ ಸ್ಕ್ರೀನ್ ಸವರಿದರೆ ಕೇಳುವುದಿಲ್ಲ. ಉಗುರಿನ ಬೆನ್ನಿನಿಂದ ಒಂದು ಸಲ ಒತ್ತಿ ನೋಡಿ. ಅರ್ಧ ರಿಪೇರಿ ಅಲ್ಲೇ ಮುಗಿಯುತ್ತದೆ.

ಎಲ್ಲಿ ಮುಟ್ಟಿದರೂ ಏನೂ ಆಗದಿದ್ದರೆ

ಮೊದಲು ಬಟನ್ ಒತ್ತಿ. ಬಟನ್ನಿಗೂ ಓಗೊಡದಿದ್ದರೆ ತೊಂದರೆ ಟಚ್‌ನದ್ದಲ್ಲ, ಇಡೀ ಕ್ಯಾಮೆರಾ ಸ್ತಬ್ಧವಾಗಿದೆ. ಕಾರ್ಡಿನ ಲೈಟು ಮಿನುಗುತ್ತಿದೆಯಾ ನೋಡಿ. ನಿಧಾನದ ಅಥವಾ ಕೆಡುತ್ತಿರುವ ಮೆಮೊರಿ ಕಾರ್ಡಿಗೆ ಫೋಟೊ ಬರೆಯುವಾಗ ಕ್ಯಾಮೆರಾ ಬೇರೆ ಯಾವುದನ್ನೂ ಕೇಳಿಸಿಕೊಳ್ಳುವುದಿಲ್ಲ. ಜನ ಅದನ್ನು ಟಚ್ ಸತ್ತಿದೆ ಅಂದುಕೊಳ್ಳುತ್ತಾರೆ. ಮಿನುಗು ನಿಂತ ಮೇಲೆ ಆಫ್ ಮಾಡಿ, ಕಾರ್ಡ್ ತೆಗೆದು, ಕಾರ್ಡಿಲ್ಲದೆ ಆನ್ ಮಾಡಿ. ಆಗ ಮೆನು ಚುರುಕಾಗಿ ಓಡಿದರೆ ಕಾರ್ಡನ್ನೇ ಅನುಮಾನಿಸಿ. ಪೂರ್ತಿ ನಿಂತುಹೋಗಿದ್ದರೆ ಬ್ಯಾಟರಿ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ. ಬ್ಯಾಟರಿ ಉಬ್ಬಿಕೊಂಡು ಹೊರಗೆ ಬರದಿದ್ದರೆ ಚಾಕು, ಸ್ಕ್ರೂಡ್ರೈವರ್ ಹಾಕಿ ಮೀಟಬೇಡಿ. ಲಿಥಿಯಂ ಬ್ಯಾಟರಿಗೆ ತೂತು ಬಿದ್ದರೆ ಬೆಂಕಿ ಹತ್ತುತ್ತದೆ.

ಬಟನ್ ಸರಿ, ಟಚ್ ಮಾತ್ರ ಇಲ್ಲ ಅಂದರೆ ಸೆಟ್ಟಿಂಗಿಗೆ ಹೋಗಿ. ಬ್ಯಾಗಿನಲ್ಲಿ ತಾನಾಗಿ ಒತ್ತಿಕೊಳ್ಳಬಾರದು ಅಂತ ಟಚ್ಚನ್ನೇ ಆಫ್ ಮಾಡುವ ಅವಕಾಶ ಸುಮಾರು ಕಂಪನಿಗಳ ಕ್ಯಾಮೆರಾದಲ್ಲಿದೆ. ಕ್ಯಾನನ್‌ನಲ್ಲಿ ಟಚ್ ಕಂಟ್ರೋಲ್ ಅಥವಾ ಟಚ್ ಆಪರೇಷನ್ ಅನ್ನುವ ಸಾಲಿನಲ್ಲಿ ಸ್ಟ್ಯಾಂಡರ್ಡ್, ಸೆನ್ಸಿಟಿವ್, ಡಿಸೇಬಲ್ ಅಂತ ಆಯ್ಕೆ ಇರುತ್ತದೆ. ಪ್ಯಾನಾಸೋನಿಕ್‌ನಲ್ಲಿ ಟಚ್ ಸೆಟ್ಟಿಂಗ್ಸ್ ಒಳಗೆ ಸ್ಕ್ರೀನಿಗೆ ಒಂದು, ಫೋಕಸ್ಸಿಗೆ ಒಂದು, ಪಕ್ಕದ ಟ್ಯಾಬಿಗೆ ಒಂದು ಹೀಗೆ ಬೇರೆ ಬೇರೆ ಸ್ವಿಚ್ಚು. ಒಂದು ಆನ್ ಇದ್ದು ಇನ್ನೊಂದು ಆಫ್ ಇದ್ದರೆ "ಅರ್ಧ ಟಚ್ ಕೆಲಸ ಮಾಡುತ್ತಿದೆ" ಅನ್ನುವ ದೂರು ಹುಟ್ಟುತ್ತದೆ.

ಸೋನಿಯದು ಇನ್ನೂ ಮಜಾ. ಆರ್‌ಎಕ್ಸ್100ರ ಆರು, ಏಳನೇ ಮಾದರಿಗಳಲ್ಲಿ, 2020ರ ಜೆಡ್‌ವಿ-1ರಲ್ಲಿ ಫೋಕಸ್ ಮಾಡಲು, ಫೋಟೊ ತೆಗೆಯಲು ಸ್ಕ್ರೀನ್ ಮುಟ್ಟಬಹುದು. ಮೆನುವಿನೊಳಗೆ ಮುಟ್ಟಿದರೆ ಮಾತ್ರ ಏನೂ ಆಗುವುದಿಲ್ಲ. ಕೆಟ್ಟಿಲ್ಲ, ಕಂಪನಿ ಮಾಡಿಟ್ಟಿರುವುದೇ ಹಾಗೆ. ಅಷ್ಟು ದುಡ್ಡು ಕೊಟ್ಟು ತಂದು ಮೆನು ಮುಟ್ಟಲಾಗದಿದ್ದರೆ ಸಿಟ್ಟು ಬರುವುದು ನ್ಯಾಯವೇ, ಆದರೆ ಅದಕ್ಕೆ ರಿಪೇರಿ ಇಲ್ಲ. ಚಕ್ರ ತಿರುಗಿಸಿಯೇ ಹೋಗಬೇಕು. ಕಣ್ಣಿಟ್ಟು ನೋಡುವ ವ್ಯೂಫೈಂಡರ್ ಇರುವ ಆರ್‌ಎಕ್ಸ್100 ಮಾದರಿಗಳಲ್ಲಿ ಇನ್ನೊಂದು ಸಿಕ್ಕು ಇದೆ. ಟಚ್ ಪ್ಯಾನೆಲ್, ಟಚ್ ಪ್ಯಾಡ್ ಅಂತ ಎರಡು ಕೆಲಸ. ಪ್ಯಾಡ್ ಮಾತ್ರ ಅಂತ ಆರಿಸಿದ್ದರೆ ವ್ಯೂಫೈಂಡರಿನಲ್ಲಿ ನೋಡುವಾಗ ಮಾತ್ರ ಸ್ಕ್ರೀನ್ ಬೆರಳಿಗೆ ಓಗೊಡುತ್ತದೆ. ಸ್ಕ್ರೀನ್ ನೋಡಿಕೊಂಡು ಫೋಟೊ ತೆಗೆಯುವಾಗ ಸುಮ್ಮನಿರುತ್ತದೆ. ಎರಡನ್ನೂ ಆರಿಸಿದರೆ ಮುಗಿಯಿತು.

ಸೆಟ್ಟಿಂಗ್ ಸರಿ ಇದ್ದರೆ ಮುಂದಿನ ಅನುಮಾನ ಸ್ಕ್ರೀನ್ ಗಾರ್ಡು. ಕ್ಯಾಮೆರಾಕ್ಕೆ ಅಳತೆಯ ಗಾರ್ಡ್ ನಮ್ಮೂರಲ್ಲಿ ಸಿಗುವುದು ಕಷ್ಟ. ಹಾಗಾಗಿ ಎಂಜಿ ರಸ್ತೆಯಲ್ಲೋ ಐಜಿ ರಸ್ತೆಯಲ್ಲೋ ಮೊಬೈಲ್ ಅಂಗಡಿಗೆ ಹೋಗಿ ಯಾವುದೋ ಫೋನಿನ ಗಾಜನ್ನು ಹೊಂದಿಸಿ ಅಂಟಿಸಿಕೊಳ್ಳುತ್ತಾರೆ. ಅಂಚಿಗೆ ಮಾತ್ರ ಅಂಟಿರುವ ದಪ್ಪ ಗಾಜಿನ ಕೆಳಗೆ ಗಾಳಿ ಉಳಿಯುತ್ತದೆ. ಆ ಗಾಳಿಯ ಸಂದಿಯಲ್ಲಿ ಬೆರಳಿನ ಪ್ರಭಾವ ಕೆಳಗಿನ ಗೆರೆಗಳಿಗೆ ತಲುಪುವುದಿಲ್ಲ. ಗಾರ್ಡ್ ಕಿತ್ತು ಪರೀಕ್ಷೆ ಮಾಡಿ. ಕೀಳಲು ಮನಸ್ಸಿಲ್ಲದಿದ್ದರೆ, ಕ್ಯಾನನ್ ಆದರೆ ಸೆನ್ಸಿಟಿವ್‌ಗೆ ಹಾಕಿ ನೋಡಿ. ಆದರೆ ಗಾರ್ಡ್ ಕೀಳದೆ "ಪ್ಯಾನೆಲ್ ಹೋಗಿದೆ" ಅಂತ ಹೇಳುವವರ ಮಾತು ನಂಬಬೇಡಿ.

ಬೆರಳನ್ನೂ ಅನುಮಾನಿಸಬೇಕು. ತೋಟದಲ್ಲಿ ಕೆಲಸ ಮಾಡಿದ ಕೈಯ ಬೆರಳ ತುದಿಯ ಚರ್ಮ ದಪ್ಪಗೆ, ಒಣಗಿ ಗಟ್ಟಿಯಾಗಿರುತ್ತದೆ. ಕೆಪಾಸಿಟಿವ್ ಸ್ಕ್ರೀನ್ ಅಂಥ ಬೆರಳನ್ನು ಕೆಲವು ಸಲ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಕಾಫಿ ಕೊಯ್ಲು ನಡೆಯುವಾಗ ಇದು ಜಾಸ್ತಿ. ಮನೆಯ ಮಕ್ಕಳ ಕೈಯಲ್ಲಿ ಮುಟ್ಟಿಸಿ. ಅವರಿಗೆ ಸರಿಯಾಗಿ ಓಡಿದರೆ ಕ್ಯಾಮೆರಾಕ್ಕೆ ಏನೂ ಆಗಿಲ್ಲ. ತುದಿಯ ಬದಲು ಬೆರಳಿನ ಮೆತ್ತನೆಯ ಪಕ್ಕ ಇಡಿ, ಅಥವಾ ಫೋನಿಗೆ ಬರುವ ರಬ್ಬರ್ ತುದಿಯ ಸ್ಟೈಲಸ್ ಇಟ್ಟುಕೊಳ್ಳಿ.

ಬೂದು ಬಣ್ಣದ ಸಾಲುಗಳು

ಮೆನುವಿನಲ್ಲಿ ಕೆಲವು ಸಾಲು ಮಸುಕಾಗಿದ್ದು, ಮುಟ್ಟಿದರೂ ಒತ್ತಿದರೂ ಬಾರದಿದ್ದರೆ ಅದು ಟಚ್ ತೊಂದರೆಯೇ ಅಲ್ಲ. ಆ ಮೋಡಿನಲ್ಲಿ ಆ ಆಯ್ಕೆ ಇಲ್ಲ ಅಷ್ಟೆ. ಪೂರ್ತಿ ಆಟೋದಲ್ಲಿ ಇಟ್ಟರೆ ಮುಕ್ಕಾಲು ಮೆನು ಬೂದು. ರಾ (RAW, ಅಂದರೆ ಕ್ಯಾಮೆರಾ ಸಂಸ್ಕರಿಸದ ಕಚ್ಚಾ) ಫೈಲಿನಲ್ಲಿ ತೆಗೆಯುವಾಗ ಡಿಜಿಟಲ್ ಝೂಮ್ ಸಾಮಾನ್ಯವಾಗಿ ಸಿಗುವುದಿಲ್ಲ. ಡಯಲನ್ನು ಪಿ ಅಕ್ಷರಕ್ಕೆ ತಿರುಗಿಸಿ, ಫೈಲನ್ನು ಜೆಪೆಗ್‌ಗೆ ಬದಲಿಸಿ ಮತ್ತೆ ನೋಡಿ.

ಯಾವ ಸೆಟ್ಟಿಂಗ್ ಎಲ್ಲಿ ಬದಲಾಗಿದೆ ಅಂತ ತಿಳಿಯದಿದ್ದರೆ ರಿಸೆಟ್ ಮಾಡಿ. ಸೆಟ್ಟಿಂಗ್ ರಿಸೆಟ್‌ನಿಂದ ಕಾರ್ಡಿನ ಫೋಟೊ ಹೋಗುವುದಿಲ್ಲ. ಫೋಟೊ ಹೋಗುವುದು ಫಾರ್ಮ್ಯಾಟ್ ಮಾಡಿದರೆ. ಎಷ್ಟೋ ಮೆನುವಿನಲ್ಲಿ ಎರಡೂ ಒಂದೇ ಪುಟದಲ್ಲಿ ಇರುತ್ತವೆ, ಟಚ್ ಬೇರೆ ಸರಿ ಇಲ್ಲದ ಹೊತ್ತು. ಆದ್ದರಿಂದ ಕಾರ್ಡ್ ತೆಗೆದಿಟ್ಟೇ ರಿಸೆಟ್ ಮಾಡುವುದು ಜಾಣತನ.

ಆನ್‌ಲೈನ್‌ನಲ್ಲಿ ಹಳೇದು ತರಿಸಿಕೊಂಡವರಿಗೆ ಒಂದು ಮಾತು. ಮೆನು ಪೂರ್ತಿ ಜಪಾನಿ ಭಾಷೆಯಲ್ಲಿದ್ದರೆ ಅದು ಜಪಾನಿನ ಮಾರುಕಟ್ಟೆಗೇ ಮಾಡಿದ್ದು ಇರಬಹುದು. ಅಲ್ಲಿನ ಸೋನಿ ಮಾದರಿಗಳಲ್ಲಿ ಭಾಷೆ ಬದಲಿಸುವ ಸಾಲೇ ಇರುವುದಿಲ್ಲ. ರಿಸೆಟ್ ಮಾಡಿದರೂ ಇಂಗ್ಲಿಷ್ ಬರುವುದಿಲ್ಲ. ಕೊಳ್ಳುವ ಮುಂಚೆಯೇ ಮೆನುವಿನ ಫೋಟೊ ಕಳಿಸಿ ಅಂತ ಕೇಳಿಬಿಡಿ.

ಮುಟ್ಟಿದ ಕೂಡಲೇ ಫೋಟೊ ಬೀಳುತ್ತದೆ, ಫೋಕಸ್ ಮೂಲೆಯಲ್ಲೇ ನಿಲ್ಲುತ್ತದೆ

ಇವು ಎರಡೂ ಪ್ರವಾಸದಲ್ಲಿ ಕಾಣುವ ದೂರು. ಮುಟ್ಟಿದ ಕೂಡಲೇ ಕ್ಲಿಕ್ ಆಗುತ್ತಿದ್ದರೆ ಟಚ್ ಶಟರ್ ಆನ್ ಆಗಿದೆ. ಸ್ಕ್ರೀನಿನ ಅಂಚಿನಲ್ಲಿ ಬೆರಳಿನ ಚಿತ್ರದ ಐಕಾನ್ ಇದ್ದರೆ ಅದನ್ನು ಮುಟ್ಟಿ ಆಫ್ ಮಾಡಿ, ಇಲ್ಲದಿದ್ದರೆ ಮೆನುವಿನಲ್ಲಿ ಹುಡುಕಿ.

ಎರಡನೆಯದನ್ನು ಬೇಲೂರಿನಲ್ಲಿ ನಡೆಯುವಂತೆಯೇ ಹೇಳುತ್ತೇನೆ. ಚೆನ್ನಕೇಶವ ದೇವಸ್ಥಾನದ ಸೂರಿನ ಕೆಳಗೆ ಇರುವ ಮದನಿಕೆಯ ಮುಖ ಫ್ರೇಮಿನ ಮೇಲಿನ ಮೂಲೆಯಲ್ಲಿದೆ. ಅಲ್ಲಿ ಮುಟ್ಟಿ ಫೋಕಸ್ ಮಾಡಿದಿರಿ, ಚೆಂದದ ಫೋಟೊ ಬಂತು. ಆಮೇಲೆ ಮನೆಯವರನ್ನು ಅಂಗಳದಲ್ಲಿ ನಿಲ್ಲಿಸಿ ತೆಗೆದರೆ ಎಲ್ಲರ ಮುಖವೂ ಮಂಜು, ಹಿಂದಿನ ಗೋಪುರ ಮಾತ್ರ ಸ್ಪಷ್ಟ. ಮೊದಲು ಮುಟ್ಟಿದ ಜಾಗದಲ್ಲೇ ಫೋಕಸ್ ಚೌಕ ಕೂತಿದೆ. ಲೆನ್ಸ್ ಕೆಟ್ಟಿಲ್ಲ, ಟಚ್ಚೂ ಕೆಟ್ಟಿಲ್ಲ. ಆ ಮುಟ್ಟನ್ನು ಬಿಡಿಸಬೇಕು. ಸೋನಿಯಲ್ಲಿ ಚಕ್ರದ ನಡುವಿನ ಬಟನ್ ಒತ್ತಿದರೆ ಬಿಡುತ್ತದೆ. ಬೇರೆಯದರಲ್ಲಿ ಸ್ಕ್ರೀನ್ ಮೇಲೆ ಬರುವ ಗುಣಾಕಾರದ ಚಿಹ್ನೆ ಅಥವಾ ಬಾಗಿದ ಬಾಣದ ಐಕಾನ್ ಮುಟ್ಟಿ ನೋಡಿ.

ಒಂದು ಜಾಗ ಮಾತ್ರ ಸತ್ತಿದ್ದರೆ

ಇಲ್ಲಿ ಸತ್ತ ಜಾಗದ ಆಕಾರವೇ ಕಾರಣ ಹೇಳುತ್ತದೆ. ಫೋಟೊ ತೆಗೆಯುವ ಮೋಡಿನಲ್ಲಿ ಗ್ರಿಡ್ ಗೆರೆ ಆನ್ ಮಾಡಿ, ಒಂಬತ್ತು ಮನೆಯದು. ಟಚ್ ಫೋಕಸ್ ಆನ್ ಇರಲಿ, ಟಚ್ ಶಟರ್ ಆಫ್ ಇರಲಿ. ಒಂದೊಂದು ಮನೆಯ ನಡುವೆ ಮುಟ್ಟುತ್ತಾ ಹೋಗಿ. ಚೌಕ ಬಂದ ಮನೆಗೆ ಕಾಗದದ ಮೇಲೆ ಟಿಕ್, ಬಾರದ ಮನೆಗೆ ಅಡ್ಡಗೆರೆ. ತೀರಾ ಅಂಚಿನಲ್ಲಿ ಫೋಕಸ್ ಚೌಕ ಹೋಗದೆ ಇರುವುದು ಸಹಜ, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಮೇಲಿನಿಂದ ಕೆಳಗೆ ಅಥವಾ ಎಡದಿಂದ ಬಲಕ್ಕೆ ನೇರವಾಗಿ ಒಂದು ಸಾಲು ಪೂರ್ತಿ ಸತ್ತಿದ್ದರೆ ಒಳಗಿನ ಗೆರೆಯೊಂದು ತುಂಡಾಗಿದೆ, ಇಲ್ಲವೇ ಅದರ ರಿಬ್ಬನ್ (ಪಟ್ಟಿಯಂಥ ತೆಳು ವೈರು) ಸಿಕ್ಕಿಸುವ ಕನೆಕ್ಟರಿನ ಒಂದು ಪಿನ್ ತಾಗುತ್ತಿಲ್ಲ. ಇದು ಕೆಪಾಸಿಟಿವ್‌ನ ಖಚಿತ ಗುರುತು. ಒರೆಸಿದರೆ, ರಿಸೆಟ್ ಮಾಡಿದರೆ ಹೋಗುವುದಿಲ್ಲ, ರಿಪೇರಿಯವರ ಕೆಲಸ. ಅಡ್ಡಾದಿಡ್ಡಿ ಆಕಾರದ ತೇಪೆಯಷ್ಟು ಜಾಗ ಸತ್ತಿದ್ದರೆ ಮೊದಲು ಒರೆಸಿ, ಗಾರ್ಡ್ ಕಿತ್ತು ನೋಡಿ. ಮೊದಲ ದಿನ ದೊಡ್ಡದಿದ್ದ ತೇಪೆ ಎರಡನೆಯ ದಿನಕ್ಕೆ ಕುಗ್ಗಿದರೆ ಒಳಗೆ ತೇವ ಇದೆ, ಒಣಗುತ್ತಿದೆ. ಬಿದ್ದ ಕ್ಯಾಮೆರಾ ಆದರೆ ಟಾರ್ಚ್ ಬೆಳಕನ್ನು ಓರೆಯಾಗಿ ಬಿಟ್ಟು ಕೂದಲಿನಂಥ ಬಿರುಕು ಇದೆಯಾ ನೋಡಿ. ಚಿತ್ರ ಚೆನ್ನಾಗಿಯೇ ಕಾಣುತ್ತಿದ್ದರೂ ಮೇಲಿನ ಟಚ್ ಪದರ ಒಡೆದಿರಬಹುದು.

ಮುಟ್ಟಿದ್ದು ಇಲ್ಲಿ, ಒತ್ತಿಕೊಂಡಿದ್ದು ಅಲ್ಲಿ

ಹಳೇ ರೆಸಿಸ್ಟಿವ್ ಸ್ಕ್ರೀನಿನ ಕಾಯಿಲೆ ಇದು. ವರ್ಷಗಳು ಕಳೆದ ಹಾಗೆ ಲೇಪದ ಗುಣ ಬದಲಾಗಿ ಲೆಕ್ಕ ಜರುಗುತ್ತದೆ. ಮದ್ದು ಮೆನುವಿನಲ್ಲೇ ಇದೆ. ಸೋನಿ ಟಿ ಸರಣಿಯಲ್ಲಿ, ಪ್ಯಾನಾಸೋನಿಕ್‌ನ ಆ ಕಾಲದ ಮಾದರಿಗಳಲ್ಲಿ ಸೆಟಪ್ ಒಳಗೆ ಕ್ಯಾಲಿಬ್ರೇಷನ್ ಅನ್ನುವ ಸಾಲು ಸಿಗುತ್ತದೆ. ಅದನ್ನು ತೆರೆದರೆ ಸ್ಕ್ರೀನ್ ಮೇಲೆ ಒಂದೊಂದೇ ಗುರುತು ಬರುತ್ತದೆ. ಕಡ್ಡಿಯ ತುದಿಯಿಂದ ಗುರುತಿನ ಸರಿ ನಡುವೆ ಒತ್ತುತ್ತಾ ಹೋಗಬೇಕು. ಬೆರಳಿನಿಂದ ಬೇಡ, ಬೆರಳು ಅಗಲ ಜಾಸ್ತಿ. ಆ ಸಾಲಿಗೆ ಹೋಗುವಷ್ಟೂ ಟಚ್ ಸರಿ ಇಲ್ಲದಿದ್ದರೆ ಎಷ್ಟು ದೂರ ಜರುಗಿದೆ ಅಂತ ಅಂದಾಜು ಮಾಡಿ, ಅಷ್ಟೇ ದೂರ ಎದುರು ದಿಕ್ಕಿಗೆ ಒತ್ತಿ. ಸ್ವಲ್ಪ ತಾಳ್ಮೆ ಬೇಕು, ಆದರೆ ಆಗುತ್ತದೆ.

ಕ್ಯಾಲಿಬ್ರೇಷನ್ ಮಾಡಿದ ಮೇಲೂ ಒಂದು ಮೂಲೆಯಲ್ಲಿ ಮಾತ್ರ ತಪ್ಪುತ್ತಿದ್ದರೆ ಅಲ್ಲಿ ಮೇಲಿನ ಪದರ ಸವೆದಿದೆ. ಅಂಚಿನ ಸಂದಿಯಲ್ಲಿ ಮಣ್ಣಿನ ಕಣ ಸಿಕ್ಕಿಕೊಂಡು ಸದಾ ಒತ್ತುತ್ತಿದ್ದರೂ ಹೀಗೇ ಆಗುತ್ತದೆ. ಶೆಟ್ಟಿಹಳ್ಳಿಯ ಹಳೇ ಚರ್ಚು ನೋಡಲು ಬೇಸಿಗೆಯಲ್ಲಿ ಹೇಮಾವತಿ ಹಿನ್ನೀರು ಇಳಿದಾಗ ಹೋಗಿ ಬಂದವರ ಕ್ಯಾಮೆರಾದಲ್ಲಿ ಅಂಥ ನುಣುಪು ಧೂಳು ಕಂಡಿದ್ದೇನೆ. ಮೃದು ಬ್ರಷ್ಷಿನಿಂದ ಸಂದಿಯ ಉದ್ದಕ್ಕೂ ಹೊರಮುಖವಾಗಿ ತಳ್ಳಿ. ಸೂಜಿ ಬೇಡ.

ತಾನಾಗಿ ಓಡುವ ಮೆನು

ಎಲ್ಲಕ್ಕಿಂತ ತಲೆಕೆಡಿಸುವುದು ಇದು. ಕ್ಯಾಮೆರಾ ಮೇಜಿನ ಮೇಲಿದೆ, ಯಾರೂ ಮುಟ್ಟಿಲ್ಲ, ಮೆನು ಕೆಳಗೆ ಓಡುತ್ತಿದೆ ಅಥವಾ ಫೋಟೊಗಳು ಒಂದರ ಹಿಂದೆ ಒಂದು ಸರಿಯುತ್ತಿವೆ. ಮನೆಯವರು ದೆವ್ವ ಅನ್ನುತ್ತಾರೆ, ಅಂಗಡಿಯವರು ಪ್ಯಾನೆಲ್ ಅನ್ನುತ್ತಾರೆ.

ಮೊದಲ ಹೆಜ್ಜೆ: ಸೆಟ್ಟಿಂಗಿನಲ್ಲಿ ಟಚ್ ಆಫ್ ಮಾಡಿ. ಓಟ ನಿಂತರೆ ತಪ್ಪು ಟಚ್‌ನದ್ದು. ಟಚ್ ಆಫ್ ಇದ್ದಾಗಲೂ ಓಡುತ್ತಿದ್ದರೆ ತಪ್ಪು ಬಟನ್ನಿನದ್ದು, ಅಥವಾ ಹಿಂದಿನ ಚಕ್ರದ್ದು. ಈ ಒಂದು ಪರೀಕ್ಷೆ ಮಾಡದೆ ಎಷ್ಟೋ ಜನ ಸ್ಕ್ರೀನಿಗೆ ದುಡ್ಡು ಸುರಿಯುತ್ತಾರೆ. ಚಕ್ರದ ಕೆಳಗೆ ಅಂಟು, ಬೆವರು, ಬೂಷ್ಟು ಸೇರಿ ಕೆಳಗಿನ ಬಟನ್ ಅರ್ಧ ಒತ್ತಿದ ಹಾಗೆಯೇ ಉಳಿದರೆ ಮೆನು ನಿಲ್ಲದೆ ಕೆಳಗೆ ಓಡುತ್ತದೆ. ಅದು ಯಾವಾಗಲೂ ಒಂದೇ ದಿಕ್ಕಿಗೆ ಓಡುತ್ತದೆ ಅನ್ನುವುದನ್ನು ಗಮನಿಸಿ. ಟಚ್ ತೊಂದರೆಯಾದರೆ ಅಲ್ಲಿ ಇಲ್ಲಿ ಹಾರುತ್ತದೆ. ಬಟನ್ನಿನದ್ದಾದರೆ ಕ್ಯಾಮೆರಾ ಆಫ್ ಮಾಡಿ, ಬ್ಯಾಟರಿ ತೆಗೆದು, ಆ ಬಟನ್ನನ್ನು ಸುಮಾರು ಸಲ ಒತ್ತಿ ಬಿಡಿ, ಚಕ್ರವನ್ನು ಎರಡೂ ಕಡೆ ತಿರುಗಿಸಿ. ಕೆಲವು ಸಲ ಅಷ್ಟಕ್ಕೇ ಬಿಡುತ್ತದೆ.

ಟಚ್‌ನದ್ದೇ ಅಂತಾದರೆ ಚಾರ್ಜರ್ ನೋಡಿ. ಯುಎಸ್‌ಬಿ ವೈರ್ ಸಿಕ್ಕಿಸಿದಾಗ ಮಾತ್ರ ಸ್ಕ್ರೀನ್ ಹುಚ್ಚಾಟ ಆಡುತ್ತಿದ್ದರೆ ಕ್ಯಾಮೆರಾ ತಪ್ಪಲ್ಲ. ಅಗ್ಗದ ಚಾರ್ಜರ್‌ಗಳು ವೈರಿನ ಮೂಲಕ ವಿದ್ಯುತ್ ಗದ್ದಲವನ್ನೂ ಕಳಿಸುತ್ತವೆ. ಕೆಪಾಸಿಟಿವ್ ಸ್ಕ್ರೀನ್ ತೀರಾ ಸಣ್ಣ ಚಾರ್ಜು ಅಳೆಯುವುದರಿಂದ ಆ ಗದ್ದಲವನ್ನೇ ಬೆರಳು ಅಂದುಕೊಳ್ಳುತ್ತದೆ. ವೈರ್ ಕಿತ್ತು ಬ್ಯಾಟರಿಯಲ್ಲೇ ಓಡಿಸಿ. ಸರಿಯಾದರೆ ಒಳ್ಳೆಯ ಚಾರ್ಜರ್ ತನ್ನಿ. ಚಾರ್ಜರ್ ಒಳ್ಳೆಯದೇ ಆದರೂ ತೋಟದ ಮನೆಯಲ್ಲಿ ಜನರೇಟರ್ ಓಡುವಾಗ ಮಾತ್ರ ಹೀಗಾದರೆ ಅರ್ಥಿಂಗ್ ಒಮ್ಮೆ ನೋಡಿಸಿ, ಅದು ಕ್ಯಾಮೆರಾಗಿಂತ ನಿಮಗೇ ಮುಖ್ಯ.

ಚಾರ್ಜರೂ ಅಲ್ಲ ಅಂದರೆ ಮಿಕ್ಕಿದ್ದು ಬಿರುಕು ಮತ್ತು ನೀರು. ನಮ್ಮ ಕಡೆ ಬಹುಪಾಲು ನೀರೇ.

ಮಳೆ, ಮಂಜು, ಬಚ್ಚಲ ಒಲೆ

ನೀರೂ ಕರೆಂಟು ಹರಿಸುತ್ತದೆ ಅಲ್ವಾ? ಹಾಗಾಗಿ ಕೆಪಾಸಿಟಿವ್ ಸ್ಕ್ರೀನ್ ಮೇಲೆ ಬಿದ್ದ ಹನಿ ಅದರ ಕಣ್ಣಿಗೆ ಇನ್ನೊಂದು ಬೆರಳು. ಹನಿ ಜಾರಿದರೆ ಬೆರಳು ಜಾರಿದ ಹಾಗೆ. ನೀರಿಗೆ ಇಳಿಸಲೆಂದೇ ಮಾಡಿದ ಒಲಿಂಪಸ್ ಟಿಜಿ-6ರಲ್ಲಿ ಟಚ್ ಸ್ಕ್ರೀನೇ ಇಟ್ಟಿಲ್ಲ, ಬರೀ ಬಟನ್ನು. ಮಳೆಗಾಲದಲ್ಲಿ ಹೊರಗೆ ಫೋಟೊ ತೆಗೆಯುವವರು ತಮ್ಮ ಕ್ಯಾಮೆರಾದಲ್ಲೂ ಟಚ್ ಆಫ್ ಮಾಡಿ ಬಟನ್ ಮೇಲೆ ನಡೆಸುವುದೇ ವಾಸಿ ಅನ್ನುವುದು ನನ್ನ ಅಭಿಪ್ರಾಯ.

ಮೇಲಿನ ನೀರು ಒರೆಸಿದರೆ ಹೋಯಿತು. ಒಳಗಿನ ತೇವ ಹಾಗಲ್ಲ. ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ತುದಿಯಲ್ಲಿ ಕ್ಯಾಮೆರಾ ತಣ್ಣಗಾಗಿರುತ್ತದೆ. ಅದನ್ನು ಹಿಡಿದು ಜನ ತುಂಬಿದ, ಗಾಜು ಏರಿಸಿದ ಕಾರಿನೊಳಗೆ ಕೂತರೆ ಒಳಗಿನ ಬೆಚ್ಚನೆಯ ತೇವದ ಗಾಳಿ ಕ್ಯಾಮೆರಾದ ಮೇಲೂ ಒಳಗೂ ಹನಿಯಾಗಿ ಕೂರುತ್ತದೆ. ಲೆನ್ಸಿನ ಮೇಲಿನ ಮಂಜು ಕಾಣುತ್ತದೆ, ಸ್ಕ್ರೀನಿನ ಕೆಳಗಿನದು ಕಾಣುವುದಿಲ್ಲ. ಎಸಿ ಕಾರಿನಿಂದ ಸಕಲೇಶಪುರದ ಬಿಸಿಲು ಮಳೆಯಲ್ಲಿ ಇಳಿದರೂ ಇದೇ ಕಥೆ. ಕಾರು ಹತ್ತುವ, ಇಳಿಯುವ ಮುಂಚೆ ಜಿಪ್ ಇರುವ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಬಾಯಿ ಮುಚ್ಚಿ. ಕ್ಯಾಮೆರಾ ಸುತ್ತಲಿನ ಬಿಸಿಗೆ ಹೊಂದಿಕೊಳ್ಳುವ ತನಕ ತೆಗೆಯಬೇಡಿ. ಹನಿ ಕವರಿನ ಹೊರಗೆ ಕೂರುತ್ತದೆ.

ಒದ್ದೆಯಾಗಿಬಿಟ್ಟಿದ್ದರೆ ಆನ್ ಮಾಡಿ ನೋಡುವ ಚಪಲ ಬಿಡಿ. ತಕ್ಷಣ ಬ್ಯಾಟರಿ, ಕಾರ್ಡ್ ತೆಗೆಯಿರಿ. ಮುಚ್ಚಳಗಳೆಲ್ಲ ತೆರೆದಿರಲಿ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ತುಂಬಾ ಹಾಕಿ, ಅದರ ಜೊತೆ ಇಟ್ಟು ಎರಡು ಮೂರು ದಿನ ಮರೆತುಬಿಡಿ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ, ನೀಲಿಯದು ಗುಲಾಬಿಯಾದರೆ ಅದರ ಹೀರುವ ಶಕ್ತಿ ಮುಗಿದಿದೆ ಅಂತ. ಬದಲಿಸಿ.

ಅಕ್ಕಿ ಡಬ್ಬ ಬೇಡ. ಅಕ್ಕಿ ತೇವ ಎಳೆಯುವುದು ಕಡಿಮೆ, ಅದರ ಹುಡಿ ಮಾತ್ರ ಲೆನ್ಸಿನ ಸಂದಿಗೆಲ್ಲ ಇಳಿಯುತ್ತದೆ. ನಮ್ಮ ಮಲೆನಾಡಿನ ಇನ್ನೊಂದು ಅಭ್ಯಾಸ ಬಚ್ಚಲ ಒಲೆ. ಕಂಬಳಿ, ಚಪ್ಪಲಿ, ಹಪ್ಪಳ ಎಲ್ಲ ಅಲ್ಲೇ ಒಣಗುತ್ತವೆ, ಕ್ಯಾಮೆರಾ ಯಾಕೆ ಒಣಗಬಾರದು ಅಂತ ಒಲೆಯ ಕಟ್ಟೆಯ ಮೇಲೆ ಇಡುತ್ತಾರೆ. ಆ ಬಿಸಿಗೆ ಸ್ಕ್ರೀನಿನ ಪದರಗಳನ್ನು ಹಿಡಿದಿರುವ ಅಂಟು ಮೆತ್ತಗಾಗುತ್ತದೆ, ಜೊತೆಗೆ ಹಂಡೆಯ ಹಬೆ, ಒಲೆಯ ಹೊಗೆ ಬೇರೆ. ಹೇರ್ ಡ್ರೈಯರ್ ಬಿಸಿ ಗಾಳಿಯೂ ಅಷ್ಟೇ ಕೆಟ್ಟದ್ದು. ಕಾಫಿ ಕಣದ ಬಿಸಿಲಿನಲ್ಲೂ ಹರವಬೇಡಿ.

ಒರೆಸಲು ಕನ್ನಡಕದ ಮೃದು ಬಟ್ಟೆ ಸಾಕು. ಜಿಡ್ಡು ಹೋಗದಿದ್ದರೆ ಬಟ್ಟೆಗೆ ಒಂದೆರಡು ಹನಿ ಡಿಸ್ಟಿಲ್ಡ್ ವಾಟರ್ ಹಾಕಿ, ಸ್ಕ್ರೀನ್ ಮೇಲೆ ನೇರವಾಗಿ ಹಾಕಬೇಡಿ. ಕಿಟಕಿ ಗಾಜಿಗೆ ಹೊಡೆಯುವ ದ್ರವ, ಥಿನ್ನರ್, ಉಗುರು ಬಣ್ಣ ತೆಗೆಯುವ ದ್ರವ ಇವು ಮೇಲಿನ ಲೇಪವನ್ನು ತಿನ್ನುತ್ತವೆ.

ಮಡಚುವ ಸ್ಕ್ರೀನ್ ಇದ್ದರೆ

ಸ್ಕ್ರೀನನ್ನು ನಿಧಾನವಾಗಿ ಮೇಲೆತ್ತುತ್ತಾ ಪ್ರತಿ ಕೋನದಲ್ಲೂ ಮುಟ್ಟಿ ನೋಡಿ. ಒಂದು ಕೋನದಲ್ಲಿ ಟಚ್ ಹೋಗಿ ಇನ್ನೊಂದರಲ್ಲಿ ಬಂದರೆ, ಅಥವಾ ಚಿತ್ರವೂ ಮಿಣುಕಿದರೆ, ಕೀಲಿನೊಳಗಿನ ರಿಬ್ಬನ್ ಸವೆದಿದೆ. ರಿಪೇರಿಗೆ ಕೊಡುವ ತನಕ ಸ್ಕ್ರೀನನ್ನು ಟಚ್ ಬರುವ ಕೋನದಲ್ಲೇ ಬಿಡಿ. ಮತ್ತೆ ಮತ್ತೆ ಮಡಚಿ ನೋಡಿದರೆ ಉಳಿದ ಎಳೆಗಳೂ ತುಂಡಾಗುತ್ತವೆ.

ಬಿಚ್ಚುವ ಮುಂಚೆ ಇದು ಗೊತ್ತಿರಲಿ

ಯೂಟ್ಯೂಬ್ ನೋಡಿ ಮನೆಯಲ್ಲೇ ಪ್ಯಾನೆಲ್ ಹಾಕಿಬಿಡೋಣ ಅನ್ನಿಸುವುದು ಸಹಜ. ನಾಲ್ಕು ಸ್ಕ್ರೂ, ಒಂದು ರಿಬ್ಬನ್, ಅಷ್ಟೇ ತಾನೇ? ಅಷ್ಟೇ ಅಲ್ಲ. ಫ್ಲ್ಯಾಶ್ ಇರುವ ಸಣ್ಣ ಕ್ಯಾಮೆರಾದೊಳಗೆ ಒಂದು ಕೆಪಾಸಿಟರ್ ಸುಮಾರು 300 ವೋಲ್ಟ್ ತುಂಬಿಕೊಂಡಿರುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ತಕ್ಷಣ ಖಾಲಿಯಾಗುವುದಿಲ್ಲ. ಸಣ್ಣ ಬಾಡಿಯಲ್ಲಿ ಅದು ಸ್ಕ್ರೂಡ್ರೈವರಿಗೆ ಸಿಗುವಷ್ಟು ಹತ್ತಿರದಲ್ಲೇ ಇರುತ್ತದೆ. ಹೊಡೆದರೆ ಕೈ ಮರಗಟ್ಟುತ್ತದೆ, ಬೋರ್ಡೂ ಸುಟ್ಟು ಹೋಗುತ್ತದೆ. ಅದನ್ನು ಡಿಸ್ಚಾರ್ಜ್ ಮಾಡಲು ತಿಳಿದವರು ಮಾತ್ರ ಬಿಚ್ಚಬೇಕು.

ಫರ್ಮ್‌ವೇರ್, ಅಂದರೆ ಕ್ಯಾಮೆರಾವನ್ನು ಓಡಿಸುವ ಒಳಗಿನ ಸಾಫ್ಟ್‌ವೇರ್, ಅಪ್‌ಡೇಟ್ ಮಾಡಿದರೆ ಸರಿಹೋಗುತ್ತದಾ ಅಂತ ಕೇಳುತ್ತಾರೆ. ಕಂಪನಿಯ ಪಟ್ಟಿಯಲ್ಲಿ ಟಚ್ ತೊಂದರೆ ಸರಿಪಡಿಸಿದ್ದೇವೆ ಅಂತ ಬರೆದಿದ್ದರೆ ಮಾಡಿ, ಬ್ಯಾಟರಿ ಪೂರ್ತಿ ತುಂಬಿರಲಿ. ಸುಮ್ನೆ ಮಾಡಿದರೆ ಪ್ರಯೋಜನ ಇಲ್ಲ. ನಡುವೆ ಬ್ಯಾಟರಿ ಹೋದರೆ ಇದ್ದದ್ದೂ ಹೋಗುತ್ತದೆ.

ಸರ್ವಿಸ್‌ಗೆ ಕೊಡುವಾಗ

ಬೆಂಗಳೂರಿಗೆ ಕಳಿಸಬೇಕಾದರೆ "ಟಚ್ ವರ್ಕ್ ಆಗ್ತಿಲ್ಲ" ಅಂತ ಒಂದು ಸಾಲು ಬರೆದು ಕೊಡಬೇಡಿ. ಗ್ರಿಡ್ ಪರೀಕ್ಷೆಯ ಆ ಕಾಗದವನ್ನೇ ಫೋಟೊ ತೆಗೆದು ಜೊತೆಗಿಡಿ. ಟಚ್ ಆಫ್ ಮಾಡಿದಾಗ ಏನಾಯಿತು, ಗಾರ್ಡ್ ಕಿತ್ತಾಗ ಏನಾಯಿತು, ಚಾರ್ಜರ್ ಇಲ್ಲದಾಗ ಏನಾಯಿತು, ಯಾವ ಕೋನದಲ್ಲಿ ಬರುತ್ತದೆ ಅಂತ ಬರೆಯಿರಿ. ತೊಂದರೆ ಬಂದು ಹೋಗುವಂಥದ್ದಾದರೆ ಅದು ನಡೆಯುವಾಗ ಫೋನಿನಲ್ಲಿ ವಿಡಿಯೊ ಮಾಡಿಕೊಳ್ಳಿ. ಒಣ ಹವೆಯ ವರ್ಕ್‌ಶಾಪಿನಲ್ಲಿ ಅದು ಕಾಣಿಸದೇ ಇರಬಹುದು, ಆಗ "ನೋ ಫಾಲ್ಟ್" ಅಂತ ಚೀಟಿ ಹಚ್ಚಿ ವಾಪಸ್ ಕಳಿಸುತ್ತಾರೆ. ನೀರು ತಾಗಿದ್ದರೆ ಮುಚ್ಚಿಡಬೇಡಿ. ಬಿಚ್ಚಿದ ಕೂಡಲೇ ಅವರಿಗೆ ತುಕ್ಕು ಕಾಣುತ್ತದೆ, ನೀರಿನ ಹಾನಿಗೆ ವಾರಂಟಿ ಸಾಮಾನ್ಯವಾಗಿ ಸಿಗುವುದಿಲ್ಲ. ಮೊದಲೇ ಹೇಳಿದರೆ ಅವರು ಪ್ಯಾನೆಲ್ ಒಂದನ್ನೇ ಬದಲಿಸಿ ಕೈತೊಳೆದುಕೊಳ್ಳದೆ ಬೋರ್ಡಿನ ಕನೆಕ್ಟರನ್ನೂ ನೋಡುತ್ತಾರೆ. ಎಷ್ಟಾಗುತ್ತದೆ ಅಂತ ಮೊದಲೇ ಬರಹದಲ್ಲಿ ತರಿಸಿಕೊಳ್ಳಿ, ಕೇಳಿದ ಮೊತ್ತ ಅದೇ ಮಾದರಿಯ ಸೆಕೆಂಡ್ ಹ್ಯಾಂಡ್ ಬೆಲೆಯ ಅರ್ಧ ದಾಟಿದರೆ ಬಟನ್ನಿನಲ್ಲೇ ನಡೆಸಿಕೊಂಡು ಹೋಗಿ. ಕಳಿಸುವ ಮುಂಚೆ ಕಾರ್ಡ್ ತೆಗೆದಿಟ್ಟುಕೊಳ್ಳಿ.